ಚಿತ್ರಾಭಾವ ಮೀಮಾಂಸೆ

‘ಫೋಟೋನೇ ಇಲ್ವಲ್ಲೋ!’ ಎಂಬ ಮಹಾವಾಕ್ಯ ಶಿವಮೊಗ್ಗದ ನಮ್ಮ ಮನೆಯಲ್ಲಿ ಮೊದಲು ಕೇಳಿಬಂದದ್ದು 2009ರ ಮಳೆಗಾಲದಲ್ಲಿ, ಅಕ್ಕನ ಮಗನ ನಾಮಕರಣ ಮುಗಿದ ಮೂರನೆಯ ಸಂಜೆ. ನುಡಿದವಳು ಅಕ್ಕ. ಪ್ರಕರಣ, ಕ್ಯಾಮೆರಾದಿಂದ ಕಂಪ್ಯೂಟರಿಗೆ ಫೋಟೋ ಇಳಿಸುವುದು. ವಾಕ್ಯ ಚಿಕ್ಕದು, ಅರ್ಥನಿರ್ಣಯ ದೊಡ್ಡದು. ತೆಗೆದೇ ಇಲ್ಲವೇ, ತೆಗೆದದ್ದು ಹೋಯಿತೇ, ಇಲ್ಲಿಗೆ ಬರುವುದೇ ಅಸಾಧ್ಯವೇ, ಅಥವಾ ಬಂದದ್ದು ಬೇರೆಯದೇ? ಇಲ್ಲ ಎಂಬುದರಲ್ಲಿ ನಾಲ್ಕು ಬಗೆಯಿದೆಯೆಂದು ನಮ್ಮ ತಾರ್ಕಿಕರು ಕಂಪ್ಯೂಟರ್ ಹುಟ್ಟುವ ಎಷ್ಟೋ ಶತಮಾನ ಮೊದಲೇ ಹೇಳಿಟ್ಟಿದ್ದಾರೆ. ಅದನ್ನು ಮರೆತು ರಿಪೇರಿಯವನನ್ನು ಕರೆದು ನಾವು ಮುನ್ನೂರು ರೂಪಾಯಿ ತೆತ್ತೆವು.

ಮೊದಲಿಗೆ ಒಂದು ಪರಿಭಾಷೆ. ವೈಶೇಷಿಕರ ಪದಾರ್ಥಗಳು ಏಳು. ಮೊದಲ ಆರು ಭಾವ, ಏಳನೆಯದು ಅಭಾವ. ಪ್ರಸ್ತುತ ಪ್ರಬಂಧದಲ್ಲಿ ಭಾವ ಒಬ್ಬರೇ: ಅಕ್ಕನ ಗಂಡ, ಕ್ಯಾಮೆರಾದ ಮಾಲೀಕರು. ಎಲ್ಲೆಲ್ಲಿ ಭಾವನೋ ಅಲ್ಲಲ್ಲಿ ಅಭಾವ ಎಂಬ ವ್ಯಾಪ್ತಿಯನ್ನು ಮುಂದೆ ಸಾಧಿಸಲಾಗುವುದು.

ಮೊದಲು ಕಾಣಿಸಿಕೊಂಡದ್ದು ಅತ್ಯಂತಾಭಾವ. ಗಾಳಿಗೆ ಬಣ್ಣವಿಲ್ಲ ಎನ್ನುತ್ತೇವಲ್ಲ, ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೂ ಇರುವುದಿಲ್ಲ, ಆ ಜಾತಿಯದು. ಭಾವ ಕೇಬಲ್ ಚುಚ್ಚಿದರು. ಕ್ಯಾಮೆರಾದ ದೀಪ ಹತ್ತಿತು, ಕಂಪ್ಯೂಟರ್ ಮಾತ್ರ ಮಿಸುಕಲಿಲ್ಲ. ತೆಗೆದು ಊದಿ ಮತ್ತೆ ಚುಚ್ಚಿದರು. ಸಿಪಿಯು ಹಿಂದಿನ ಕಿಂಡಿಗೂ ಚುಚ್ಚಿದರು. (ಊದುವ ವಿಧಿ ಕ್ಯಾಸೆಟ್ ಯುಗದಿಂದ ಬಂದ ಶಿಷ್ಟಾಚಾರ. ಫಲಶ್ರುತಿ ಎಲ್ಲೂ ಸಿಗುವುದಿಲ್ಲ.) ಯುಎಸ್‌ಬಿ ಕೇಬಲ್ಲಿನ ಹೊಟ್ಟೆಯಲ್ಲಿ ನಾಲ್ಕು ತಂತಿಗಳಿರಬೇಕು, ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಭಾವನ ಕೈಯಲ್ಲಿದ್ದದ್ದು ಯಾವುದೋ ಎಂಪಿ3 ಪ್ಲೇಯರನ್ನು ಚಾರ್ಜ್ ಮಾಡುವ ಕೇಬಲ್ಲು. ಅದರಲ್ಲಿ ಕರೆಂಟಿನ ಎರಡೇ. ಅಂಥ ತಂತಿಯಲ್ಲಿ ಫೋಟೋ ಬರಲೆಂದು ಕಾಯುವುದು ನಲ್ಲಿಯಿಲ್ಲದ ಗೋಡೆಯ ಕೆಳಗೆ ಕೊಡ ಇಟ್ಟಂತೆ. ‘ದೀಪ ಹತ್ತಿದೆಯಲ್ಲಯ್ಯಾ!’ ಎಂಬುದು ಭಾವನ ಪೂರ್ವಪಕ್ಷ. ದೀಪ ಹತ್ತಿದ್ದರಿಂದ ಕರೆಂಟಿದೆ ಎಂದಷ್ಟೇ ಸಿದ್ಧ, ಫೋಟೋ ಬರುತ್ತದೆ ಎಂದಲ್ಲ. ತರ್ಕದಲ್ಲಿ ಇದಕ್ಕೆ ಹೇತ್ವಾಭಾಸ ಎನ್ನುತ್ತಾರೆ ಎಂದು ತಿಳಿಸಿದೆ. ಅವರು ಕಾಫಿ ಕೇಳಿದರು.

ಕಾರ್ಡ್ ರೀಡರ್ ತಂದ ಮೇಲೆ ಒಂದು ಫೋಲ್ಡರ್ ಪ್ರತ್ಯಕ್ಷವಾಯಿತು. ಹೆಸರು ಡಿಸಿಐಎಂ. ಭಾವ ಅದನ್ನು ‘ಡಿಸಿಎಂ’ ಎಂದು ಗಟ್ಟಿಯಾಗಿ ಓದಿದರು. ಪೇಪರಿನ ಹಿಂದಿನಿಂದ ಅಪ್ಪ, ‘ಉಪಮುಖ್ಯಮಂತ್ರಿಗೂ ನಮ್ಮ ಮಗುವಿನ ನಾಮಕರಣಕ್ಕೂ ಏನಯ್ಯಾ ಸಂಬಂಧ?’ ಎಂದರು. ಇದು ಪಾಠಾಂತರದಿಂದಾದ ಅನರ್ಥ. ಶುದ್ಧಪಾಠದ ಅರ್ಥ ‘ಡಿಜಿಟಲ್ ಕ್ಯಾಮೆರಾ ಚಿತ್ರಗಳು’ ಎಂದಷ್ಟೇ. 1998ರಲ್ಲಿ ಜಪಾನಿನವರು ಹಾಕಿಕೊಟ್ಟ ಕಟ್ಟಳೆಯಂತೆ ಕ್ಯಾಮೆರಾಗಳೆಲ್ಲ ಈ ಗರ್ಭಗುಡಿಯೊಳಗೆ 100ರಿಂದ 999ರವರೆಗಿನ ಅಂಕಿಗಳಿಂದ ಶುರುವಾಗುವ ಫೋಲ್ಡರುಗಳನ್ನೂ, ಅವುಗಳೊಳಗೆ ಎಂಟೇ ಅಕ್ಷರದ ಹೆಸರಿನ ಫೋಟೋಗಳನ್ನೂ ಇಡುತ್ತವೆ. ಎಂಟರಲ್ಲಿ ಕೊನೆಯ ನಾಲ್ಕು ಅಂಕಿ. ಈ ಗೋತ್ರದಲ್ಲಿ 9999ರ ನಂತರ ಮತ್ತೆ 0001, ತಾತನ ಹೆಸರು ಮೊಮ್ಮಗನಿಗೆ.

ಅನ್ಯೋನ್ಯಾಭಾವ ಹುಟ್ಟುವುದು ಇಲ್ಲಿಯೇ. ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ ಎಂಬುದು ಇದರ ಶಾಸ್ತ್ರೀಯ ಉದಾಹರಣೆ. ಭಾವನ ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡಿದಾಗಲೆಲ್ಲ ಎಣಿಕೆಯನ್ನು ಮೊದಲಿಂದ ಶುರು ಮಾಡುತ್ತಿತ್ತು. ಹಾಗಾಗಿ ಸೀಮಂತದ 0001 ಬೇರೆ, ನಾಮಕರಣದ 0001 ಬೇರೆ, ಹೆಸರು ಮಾತ್ರ ಒಂದೇ. ಎರಡನ್ನೂ ಒಂದೇ ಫೋಲ್ಡರಿಗೆ ಹಾಕಹೊರಟಾಗ ಕಂಪ್ಯೂಟರ್, ‘ಈ ಹೆಸರಿನ ಫೈಲ್ ಆಗಲೇ ಇದೆ, ಬದಲಿಸಲೇ?’ ಎಂದು ಕೇಳಿತು. ‘ಎಲ್ಲಕ್ಕೂ ಹೌದು’ ಎಂಬ ಗುಂಡಿಯತ್ತ ಹೊರಟ ಭಾವನ ಬೆರಳನ್ನು ಅಕ್ಕ ಹಿಡಿದೆಳೆದಳು. ಒಂದು ಕ್ಷಣ ತಡವಾಗಿದ್ದರೆ ಹಸಿರು ಬಳೆ ತೊಟ್ಟು ಕುಳಿತ ಬಸುರಿ ಅಕ್ಕನ ಜಾಗದಲ್ಲಿ ತೊಟ್ಟಿಲು ಇರುತ್ತಿತ್ತು. ವೈದ್ಯಶಾಸ್ತ್ರದ ಪ್ರಕಾರ ಕ್ರಮ ಸರಿಯೇ. ಆಲ್ಬಮ್ಮಿಗೆ ಎರಡೂ ಬೇಕು.

ಕಾಲದೋಷವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಬ್ಯಾಟರಿ ಪೂರ್ತಿ ಸತ್ತು ಎದ್ದ ಆ ಕ್ಯಾಮೆರಾ ಗಡಿಯಾರ ಮರೆತು 2005ರ ಜನವರಿಯಲ್ಲಿ ನಿಂತಿತ್ತು. ಫೋಟೋಗಳಿಗೂ ಅದೇ ತಾರೀಖು. ಅಕ್ಕನ ಮದುವೆಯಾದದ್ದು 2007ರಲ್ಲಿ. ಅಜ್ಜಿಗೆ ಕಂಪ್ಯೂಟರ್ ಓದಲು ಬರುವುದಿಲ್ಲವಾದ್ದರಿಂದ ವಂಶದ ಮರ್ಯಾದೆ ಉಳಿಯಿತು.

ಇನ್ನು ಪ್ರಧ್ವಂಸಾಭಾವ. ಇದ್ದದ್ದು ನಾಶವಾದ ಮೇಲಿನ ಇಲ್ಲದಿರುವಿಕೆ. ಭಾವ ‘ಕಾಪಿ’ ಎನ್ನುವ ಕಡೆ ‘ಕಟ್’ ಒತ್ತಿದ್ದರು. ಅರ್ಧ ದಾರಿಯಲ್ಲಿ ಕರೆಂಟು ಹೋಯಿತು. ಶಿವಮೊಗ್ಗದ ಮಳೆಗಾಲ, ಯುಪಿಎಸ್ ಇಲ್ಲದ ಮನೆ, ಇದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಕರೆಂಟು ಬಂದಾಗ ಕಾರ್ಡಿನ ಲೆಕ್ಕಪತ್ರ ಕಲಸಿಹೋಗಿತ್ತು. ‘ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?’ ಎಂದು ಯಂತ್ರ ವಿನಯದಿಂದ ಕೇಳಿತು. ವಿನಯಕ್ಕೆ ಸೋಲುವುದು ಭಾವನ ಹುಟ್ಟುಗುಣ. ಹೌದು ಎಂದರು. ಎಸ್‌ಡಿ ಕಾರ್ಡಿನ ಎಡ ಅಂಚಿನಲ್ಲಿ ಉಗುರಿನಿಂದ ಜಾರಿಸುವ ಪುಟ್ಟ ಲಾಕ್ ಇದೆ, ಅದನ್ನು ಕೆಳಗೆ ಸರಿಸಿದ್ದರೆ ಸಾಕಿತ್ತು. ಒಳಗಿನ ಚಿಪ್ಪಿಗೆ ಅದು ತಾಗಿಯೂ ಇರುವುದಿಲ್ಲ. ಚಿಲಕವಲ್ಲ ಅದು, ‘ನಾಯಿ ಇದೆ’ ಎಂಬ ಬೋರ್ಡು. ಆದರೂ ಕಾರ್ಡ್ ರೀಡರುಗಳು ಅದಕ್ಕೆ ಹೆದರುತ್ತವೆ.

ರಿಪೇರಿಯವನು ಬಂದು ನೋಡಿ, ‘ಖಾಲಿ ಸಾರ್’ ಎಂದ. ಕಾಣದಿರುವುದೇ ಇಲ್ಲದಿರುವುದಕ್ಕೆ ಪ್ರಮಾಣ ಎಂಬ ಅನುಪಲಬ್ಧಿ ವಾದ ಕುಮಾರಿಲ ಭಟ್ಟರ ಪಂಥದ್ದು. ಆದರೆ ಅಲ್ಲೊಂದು ಷರತ್ತಿದೆ: ಇದ್ದಿದ್ದರೆ ಕಾಣಲೇಬೇಕಾದ ವಸ್ತು ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಕತ್ತಲಲ್ಲಿ ಗಡಿಗೆ ಕಾಣದಿದ್ದರೆ ಅದು ಗಡಿಗೆಯ ತಪ್ಪಲ್ಲ. ಕ್ವಿಕ್ ಫಾರ್ಮ್ಯಾಟು ಅಳಿಸುವುದು ಯಾವ ಫೋಟೋ ಎಲ್ಲಿದೆಯೆಂಬ ಪರಿವಿಡಿಯನ್ನು. ಪುಸ್ತಕದ ಪುಟಗಳು, ಅವುಗಳ ಮೇಲೆ ಹೊಸದಾಗಿ ಏನೂ ಬರೆಯದಿದ್ದರೆ, ಹಾಗೆಯೇ ಇರುತ್ತವೆ. ಆದ್ದರಿಂದ ಆ ಕಾರ್ಡನ್ನು ಕ್ಯಾಮೆರಾಕ್ಕೆ ಮರಳಿ ಹಾಕಕೂಡದೆಂದು ಸಾರಿ, ದೇವರ ಮನೆಯ ಕುಂಕುಮದ ಡಬ್ಬಿಯಲ್ಲಿಟ್ಟೆ.

ಮರುದಿನ ಫೋಟೋರೆಕ್ ಎಂಬ ಪುಕ್ಕಟೆ ತಂತ್ರಾಂಶ ಓಡಿಸಿದೆ. ಅದು ಪರಿವಿಡಿ ಕೇಳುವುದಿಲ್ಲ. ಜೆಪೆಗ್ ಚಿತ್ರಗಳೆಲ್ಲ ‘ಎಫ್‌ಎಫ್ ಡಿ8’ ಎಂಬ ಗುರುತಿನಿಂದ ಶುರುವಾಗುತ್ತವೆ. ಆ ಗುರುತು ಕಂಡಲ್ಲೆಲ್ಲ ಅಗೆಯುತ್ತದೆ. ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ ಎಂದು ತಾರ್ಕಿಕರ ಸಿದ್ಧಾಂತ. ನಮ್ಮ ಮನೆಯಲ್ಲಿ ಅದಕ್ಕೆ ರಾತ್ರಿ ಎಂಟೂವರೆಗೆ ಅಂತ್ಯ ಬಂತು.

ಚಿತ್ರಗಳು ಬಂದವು. ಆದರೆ ಹೀಗೆ ಅಗೆದು ತೆಗೆದವಕ್ಕೆ ಹಳೆಯ ಹೆಸರು ಉಳಿಯುವುದಿಲ್ಲ, ಎಫ್ ಅಕ್ಷರದ ಮುಂದೆ ಒಂದಿಷ್ಟು ಅಂಕಿ, ಅಷ್ಟೇ. ನಾಮಕರಣದ ಫೋಟೋಗಳು ನಾಮ ಕಳೆದುಕೊಂಡು ಸಾಲಾಗಿ ನಿಂತಿದ್ದವು. ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲಿ ಕುಳಿತಳು. ಅವಳು ಹೇಳಿದಂತೆ ನಾನು ಒಂದೊಂದಕ್ಕೂ ಹೆಸರಿಟ್ಟೆ. ಸೋದರತ್ತೆ ಮಗುವಿನ ಕಿವಿಯಲ್ಲಿ ಹೇಳಿದ್ದು. ಹೋಳಿಗೆ ಬಡಿಸಿದ್ದು. ತಟ್ಟೆಯ ಅಕ್ಕಿಯಲ್ಲಿ ಭಾವ ಉಂಗುರದಿಂದ ಹೆಸರು ಬರೆದದ್ದು. ಅದರಲ್ಲಿ ಫ್ಲ್ಯಾಶಿನ ಬೆಳಕು ತಟ್ಟೆಗೆ ಬಡಿದು ಬರೆದದ್ದೇ ಕಾಣುತ್ತಿರಲಿಲ್ಲ.

‘ಇದಕ್ಕೆ?’

‘ಹೆಸರು ಅಂತಲೇ ಇಡು.’

ಇಷ್ಟಾಗಿಯೂ ಪುರೋಹಿತರ ಜೊತೆ ಅಜ್ಜಿ ನಿಂತ ಚಿತ್ರ ಒಂದೂ ಸಿಗಲಿಲ್ಲ. ಅವನ್ನು ತೆಗೆದವರು ಚಿಕ್ಕಪ್ಪ. ಗುಂಡಿಯನ್ನು ಅರ್ಧ ಒತ್ತಿದರೆ ಬೀಪ್, ಪೂರ್ತಿ ಒತ್ತಿದರೆ ಫೋಟೋ. ಚಿಕ್ಕಪ್ಪ ಬೀಪಿಗೇ ತೃಪ್ತರು.

‘ನನ್ನ ಫೋಟೋ ಎಲ್ಲೋ?’ ಅಜ್ಜಿ ಕೇಳಿದರು.

‘ಅದು ಪ್ರಾಗಭಾವ, ಅಜ್ಜಿ.’

‘ಹಂಗಂದ್ರೆ?’

‘ಇನ್ನೂ ತೆಗೆದಿಲ್ಲ ಅಂತ.’

‘ಸರಿ, ತೆಗೆದ ಮೇಲೆ ತೋರ್ಸು,’ ಎಂದು ಅಜ್ಜಿ ಮಲಗಲು ಹೋದರು.