ಅಟ್ಟ ಇಲ್ಲದ ಅಂದ

"ಮಗನ ಹೊಸ ಫ್ಲ್ಯಾಟಿಗೆ ಹೋಗಿ ಬಂದ್ರಂತಲ್ಲ ರಾಯರೇ, ಹೇಗಿದೆ ಮನೆ?" ಅಂತ ಕಾಂಪೌಂಡಿನ ಈಚೆಯಿಂದ ಕೇಳಿದೆ.

"ಮನೆ ಏನೋ ಇದೆ ಸ್ವಾಮೀ, ಸಾಮಾನೇ ಕಾಣಿಸಲಿಲ್ಲ. ಮಿನಿಮಲಿಸ್ಟ್ ಅಂತೆ. ನೀರು ಕುಡಿಯೋಣ ಅಂತ ಫ್ರಿಜ್ ಹುಡುಕಿದೆ. ಗೋಡೆಯುದ್ದಕ್ಕೂ ಬಿಳಿ ಬಾಗಿಲು, ಒಂದಕ್ಕೂ ಹಿಡಿ ಇಲ್ಲ. 'ಒತ್ತಿ ಮಾವ, ತೆರೆದುಕೊಳ್ಳುತ್ತೆ' ಅಂದಳು ಸೊಸೆ. ಒಂದನ್ನು ಒತ್ತಿದೆ, ಪೊರಕೆ. ಇನ್ನೊಂದನ್ನು ಒತ್ತಿದೆ, ವಾಷಿಂಗ್ ಮೆಷಿನ್ನು. ಅಷ್ಟರಲ್ಲಿ ಬಾಯಾರಿಕೆಯೇ ಹೋಯ್ತು."

ರಾಯರಿಗೆ ಸಮಾಧಾನವಾಗಲಿ ಅಂತ ಶಿಕಾಗೋದ ಡಾಕ್ಟರಮ್ಮ ಎಡಿತ್ ಫಾರ್ನ್ಸ್‌ವರ್ತ್ ಕಥೆ ತೆಗೆದೆ. ಶನಿವಾರ ಭಾನುವಾರ ಹಾಯಾಗಿರೋಣ ಅಂತ ಆಕೆ ಪ್ಲೇನೋ ಎಂಬ ಊರಿನ ಹತ್ತಿರ, ಫಾಕ್ಸ್ ನದಿಯ ದಂಡೆಯಲ್ಲಿ ಮನೆ ಕಟ್ಟಿಸಿದರು. ಕಟ್ಟಿದವರು ಆರ್ಕಿಟೆಕ್ಟ್ ಮೀಸ್ ವಾನ್ ಡೆರ್ ರೋ, ಸಾಮಾನ್ಯರಲ್ಲ. 1951ರಲ್ಲಿ ಮುಗಿದ ಆ ಮನೆಗೆ ನಾಲ್ಕೂ ಕಡೆ ಗಾಜು. ಇವತ್ತಿಗೂ ಆರ್ಕಿಟೆಕ್ಟುಗಳು ಅಲ್ಲಿಗೆ ಯಾತ್ರೆ ಹೋಗುತ್ತಾರೆ. ಡಾಕ್ಟರಮ್ಮನಿಗೆ ಮಾತ್ರ ಸಿಂಕಿನ ಕೆಳಗೆ ಕಸದ ಬುಟ್ಟಿ ಇಡೋಕೂ ಸಂಕೋಚ. ಮನೆಗೆ ಬರುವ ದಾರಿಯಿಂದಲೇ ಅಡುಗೆಮನೆ ಪೂರ್ತಿ ಕಾಣುತ್ತೆ ಅಂತ ಪತ್ರಿಕೆಯವರ ಮುಂದೆ ಗೋಳು ತೋಡಿಕೊಂಡರು. ದುಡ್ಡಿನ ವಿಷಯಕ್ಕೆ ಇಬ್ಬರೂ ಕೋರ್ಟು ಮೆಟ್ಟಿಲು ಹತ್ತಿದರು. ಪ್ರವಾಹಕ್ಕೆ ಹೆದರಿ ನೆಲದಿಂದ ಐದಡಿಗೂ ಮೇಲೆ ಎತ್ತಿ ನಿಲ್ಲಿಸಿದ್ದರೂ 1954ರಲ್ಲಿ ನದಿಯೇ ಒಳಗೆ ಬಂತು.

"ನಮ್ಮ ಸೊಸೆಯೇ ವಾಸಿ ಬಿಡಿ, ಪೊರಕೆಗಾದ್ರೂ ಜಾಗ ಮಾಡಿದ್ದಾಳೆ!"

"ಅದೇ ನಾನು ಹೇಳೋದು. ಕಣ್ಣಿಗೆ ಖಾಲಿ ಕಾಣೋದು ಬೇರೆ, ಕೈಗೆ ಅನುಕೂಲ ಆಗೋದು ಬೇರೆ. ಜನ ಎರಡನ್ನೂ ಒಂದೇ ಅಂದ್ಕೊಂಡು ದುಡ್ಡು ಸುರೀತಾರೆ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಮಾರ್ಗರೆಟ್ ಶ್ಯೂಟೆ-ಲಿಹೋಟ್ಸ್‌ಕಿ ಅಂತ ಒಬ್ಬ ಹೆಣ್ಣುಮಗಳು ಕಾರ್ಮಿಕರ ಮನೆಗಳಿಗೆ ಅಡುಗೆಮನೆ ಮಾಡಿದಳು. ರೈಲಿನ ಊಟದ ಬೋಗಿಯ ಅಡುಗೆಕೋಣೆಯೇ ಮಾದರಿ. ಅಗಲ ಆರಡಿ, ಉದ್ದ ಹನ್ನೊಂದಡಿ. ಒಲೆಯಿಂದ ಸಿಂಕಿಗೆ ಎಷ್ಟು ಹೆಜ್ಜೆ ಅಂತ ಲೆಕ್ಕ ಹಾಕಿ ಜೋಡಿಸಿದ್ದು. ಗೋಡೆಯಿಂದ ಇಳಿಯುವ ಇಸ್ತ್ರಿ ಹಲಗೆ, ಹಿಟ್ಟಿಗೆ ಹುಳ ಬೀಳದಿರಲಿ ಅಂತ ಓಕ್ ಮರದ ಡಬ್ಬ. ಅಂಥವು ಸುಮಾರು ಹತ್ತು ಸಾವಿರ ಮನೆಗಳಿಗೆ ಹೋದವು. ಇವತ್ತಿನ ಮಾಡ್ಯುಲರ್ ಕಿಚನ್ನಿಗೆ ಅವಳೇ ಅಜ್ಜಿ."

"ಅಡುಗೆ ಮಾಡಿ ಮಾಡಿ ಸೊಂಟ ಬಿದ್ದವಳೇ ಇರಬೇಕು."

"ಎಲ್ಲಿ ಬಂತು! ಅದುವರೆಗೆ ತಾನು ಅಡುಗೆಯನ್ನೇ ಮಾಡಿರಲಿಲ್ಲ ಅಂತ ಅವಳೇ ಹೇಳಿಕೊಂಡಿದ್ದಾಳೆ. ವಿಯೆನ್ನಾದಲ್ಲಿ ಅಮ್ಮ ಬಡಿಸುತ್ತಿದ್ದಳು, ಫ್ರಾಂಕ್‌ಫರ್ಟಿನಲ್ಲಿ ಹೋಟೆಲ್ ಊಟ. ಅವಳಿಟ್ಟ ಅಲ್ಯೂಮಿನಿಯಂ ಡಬ್ಬಗಳ ಮೇಲೆ ಸಕ್ಕರೆ, ಅಕ್ಕಿ ಅಂತ ಹೆಸರು ಕೊರೆದಿತ್ತು. ಹೆಂಗಸರು ತಮಗೆ ತೋಚಿದ್ದನ್ನ ತುಂಬಿಕೊಂಡರು."

"ನಮ್ಮನೇಲೂ ಹಾರ್ಲಿಕ್ಸ್ ಬಾಟ್ಲಿ ತೆಗೆದ್ರೆ ಸಾಸಿವೆ!" ಅಂತ ನಕ್ಕ ರಾಯರು ಒಮ್ಮೆಗೇ ಗಂಭೀರರಾದರು. "ಆದ್ರೂ ಸ್ವಾಮೀ, ಇದೆಲ್ಲ ಹೊಸದೇನಲ್ಲ. ನಮ್ಮಜ್ಜನ ನಡುಮನೇಲಿ ಇದ್ದದ್ದು ಒಂದು ಚಾಪೆ, ನಾಲ್ಕು ಮಣೆ. ಹಗಲು ಊಟ, ರಾತ್ರಿ ಅಲ್ಲೇ ಹಾಸಿಗೆ. ಅವರಿಗಿಂತ ಮಿನಿಮಲಿಸ್ಟ್ ಬೇಕಾ?"

"ನಡುಮನೆ ಹೇಳ್ತೀರಿ, ಉಗ್ರಾಣ ಹೇಳಲ್ಲ! ಹಿತ್ತಾಳೆ ಹಂಡೆ, ಕೊಪ್ಪರಿಗೆ, ಉಪ್ಪಿನಕಾಯಿ ಜಾಡಿ, ಮದುವೆಗೆ ಅಂತ ಎತ್ತಿಟ್ಟ ಜಮಖಾನ, ಅಟ್ಟದ ಮೇಲೆ ತೆಂಗಿನಕಾಯಿ ರಾಶಿ. ಅಷ್ಟು ತುಂಬಿದ್ದರಿಂದಲೇ ನಡುಮನೆ ಖಾಲಿ ಇತ್ತು. ಸಾಮಾನು ಮಾಯವಾಗಲ್ಲ ರಾಯರೇ, ಜಾಗ ಬದಲಾಯಿಸುತ್ತೆ. ಮನೆ ಮಾಡಿಕೊಡುವವರು ಸೋಫಾ ಬಣ್ಣ ಕೇಳೋದಕ್ಕಿಂತ ಮುಂಚೆ ದಸರಾ ಬೊಂಬೆ ಎಲ್ಲಿಡ್ತೀರಿ ಅಂತ ಕೇಳಬೇಕು. ಅಂದ ಹಾಗೆ, ನಿಮ್ಮ ಮಗ ಎಲ್ಲಿಟ್ಟಿದ್ದಾನೆ?"

ರಾಯರು ಗೋಡೆಯ ಮೇಲೆ ಮೊಣಕೈಯೂರಿ ಸ್ವಲ್ಪ ಹತ್ತಿರ ಬಂದರು.

"ಬೊಂಬೆ, ಹಳೇ ಪಾತ್ರೆ, ಅವನ ಕಾಲೇಜು ಪುಸ್ತಕ, ಒಟ್ಟು ಮೂರು ಟ್ರಂಕು. ಎಲ್ಲ ನಿನ್ನೆ ನಮ್ಮನೆಗೇ ಬಂತು. ನಮ್ಮ ಅಟ್ಟ ತುಂಬಿಹೋಯ್ತು. ಒಂದು ಟ್ರಂಕು ಮಿಕ್ಕಿದೆ… ನಿಮ್ಮ ಅಟ್ಟದಲ್ಲಿ ಜಾಗ ಹೇಗೆ?"