ಅಳಿಯ ಘಟೋತ್ಕಚನಿಗೊಂದು ಬಹಿರಂಗ ಪತ್ರ

ಬಾಲಿಯ ವಿಮಾನ ನಿಲ್ದಾಣದ ಹೊರಗೆ, ಟುಬಾನ್ ವೃತ್ತದಲ್ಲಿ ಪ್ರತಿಮೆಯಾಗಿ ನಿಂತಿರುವ ಚಿ॥ ಘಟೋತ್ಕಚನಿಗೆ,

ಚಿತ್ರದುರ್ಗದಿಂದ ನಿನ್ನ ಸೋದರಮಾವನ ವರಸೆಯವನು ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ. ಚಿರಂಜೀವಿ ಎಂದು ಬರೆದದ್ದು ಪದ್ಧತಿಗಷ್ಟೇ. ನಿನ್ನೆದುರಿಗೆ ಕರ್ಣನ ರಥ ನಿಂತಿರುವುದನ್ನು ಕಣ್ಣಾರೆ ಕಂಡು ಬಂದಿದ್ದೇನೆ.

ಯಾರಪ್ಪ ಈ ಮಾವ ಎಂದು ಹುಬ್ಬೇರಿಸಬೇಡ. ನಿಮ್ಮಮ್ಮನ ತವರು ನಮ್ಮ ಬೆಟ್ಟ. ಕೋಟೆಯೊಳಗೆ ಹಿಡಿಂಬೇಶ್ವರನ ಗುಡಿಯಿದೆ. ನಿಮ್ಮಪ್ಪ ಕೊಂದ ನಿನ್ನ ಮಾವ ಹಿಡಿಂಬನದೆಂದು ಒಂದು ಹಲ್ಲನ್ನು ಅಲ್ಲಿ ಇವತ್ತಿಗೂ ಜೋಪಾನ ಮಾಡಿಟ್ಟಿದ್ದೇವೆ. (ಅದು ಯಾವ ಪ್ರಾಣಿಯದು ಸಾರ್ ಎಂದು ಕೇಳುವ ತರಲೆಗಳು ಎಲ್ಲ ಊರಲ್ಲೂ ಇರುತ್ತಾರೆ.) ಆ ಹಳೇ ಕೊಲೆಯನ್ನೆಲ್ಲ ಮರೆತು, ಹೆಂಡತಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅಳಿಯನ ಮನೆಗೆ ಬಂದರೆ, ಬಾಗಿಲಲ್ಲಿ ಕಾಲಿಗೆ ನೀರು ಕೊಡಲಿಲ್ಲ. ರಸೀದಿ ಕೊಟ್ಟರು.

ವೀಸಾ ಆನ್ ಅರೈವಲ್, ತಲೆಗೆ 5 ಲಕ್ಷ ರುಪಿಯಾ. ನಾಲ್ವರಿಗೆ 20 ಲಕ್ಷ. ಅಂಕಿ ಕೇಳಿ ನನ್ನ ಹೆಂಡತಿ ಕೊರಳ ಸರ ಮುಟ್ಟಿ ನೋಡಿಕೊಂಡಳು. ನಮ್ಮ ಲೆಕ್ಕದಲ್ಲಿ ತಲೆಗೆ ಮೂರು ಸಾವಿರದೊಳಗೇ ಎಂದು ಸಮಾಧಾನ ಹೇಳಿದೆ. ಆ ದುಡ್ಡಿಗೆ 30 ದಿನ ಇರಬಹುದಂತೆ. ನನಗೆ ಸಿಕ್ಕಿದ್ದು ಐದು ದಿನದ ರಜೆ. ಮಿಕ್ಕ 25 ದಿನದ ಬಾಬ್ತು ವಾಪಸು ಕೊಡುವುದಿಲ್ಲವಂತೆ, ಕೇಳಿದೆ.

ಅದಾದ ಮೇಲೆ ಪ್ರೀತಿಯ ಸರದಿ. 2024ರ ಫೆಬ್ರವರಿ 14, ಅಂದರೆ ಪ್ರೇಮಿಗಳ ದಿನವೇ ಮುಹೂರ್ತ ಇಟ್ಟು, ಬಾಲಿ ಪ್ರಾಂತ್ಯದವರು ವಿದೇಶಿ ಪ್ರವಾಸಿಗಳಿಂದ ತಲೆಗೆ 1,50,000 ರುಪಿಯಾ ಎತ್ತಲು ಶುರುಮಾಡಿದ್ದಾರಲ್ಲ! ದೇಶದ್ದು ದೇಶಕ್ಕೆ, ದ್ವೀಪದ್ದು ದ್ವೀಪಕ್ಕೆ. ಸಂಸ್ಕೃತಿ ಮತ್ತು ಪರಿಸರ ಕಾಪಾಡಲಂತೆ. ಆನ್‌ಲೈನಿನಲ್ಲಿ ಕಟ್ಟುವ ವ್ಯವಸ್ಥೆಗೆ ಇಟ್ಟ ಹೆಸರು 'ಲವ್ ಬಾಲಿ'. ಪ್ರೀತಿಯಿದೆ ಎಂದು ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಕ್ಯೂಆರ್ ಕೋಡ್ ಬೇಕು.

ವಿನಾಯಿತಿಯ ಪಟ್ಟಿಯನ್ನು ಬಿಡದೆ ಓದಿದೆ. ರಾಜತಾಂತ್ರಿಕರು, ವಿಮಾನದ ಸಿಬ್ಬಂದಿ, ವಿದ್ಯಾರ್ಥಿಗಳು, ಕುಟುಂಬವನ್ನು ಕೂಡಿಕೊಳ್ಳುವ ವೀಸಾದವರು. ಕುಟುಂಬ! ಹಿಗ್ಗಿ ಹೀರೇಕಾಯಿಯಾಗಿ ಮೊಬೈಲಿನಲ್ಲಿದ್ದ ಹಿಡಿಂಬನ ಹಲ್ಲಿನ ಫೋಟೊ ತೋರಿಸಿ ನಮ್ಮ ನೆಂಟಸ್ತಿಕೆ ಬಿಡಿಸಿ ಹೇಳಿದೆ. ಕೌಂಟರಿನ ಹುಡುಗಿ ಒಳ್ಳೆಯವಳು. ಹಲ್ಲುನೋವು ಜಾಸ್ತಿಯಿದೆಯೇ ಎಂದು ವಿಚಾರಿಸಿಕೊಂಡಳು. ಸುಂಕದವನ ಮುಂದೆ ಸುಖದುಃಖ ಹೇಳಬಾರದು ಎಂಬ ಗಾದೆ ಕಟ್ಟಿದವರು ಇಷ್ಟು ಮರ್ಯಾದಸ್ಥ ಸುಂಕದವರನ್ನು ಕಂಡಿರಲಿಕ್ಕಿಲ್ಲ. ಆದರೂ ಒಟ್ಟು ಬಿಲ್ಲು 26 ಲಕ್ಷ.

ನಿನಗಿದೆಲ್ಲ ತಿಳಿಯದು ಬಿಡು. ನೀನು ಆಕಾಶದಲ್ಲಿ ಹಾರಾಡುವವನು. 1995ರಲ್ಲಿ ಇಂಡೋನೇಷ್ಯಾದವರು ತಾವೇ ಕಟ್ಟಿ ಹಾರಿಸಿದ ಎನ್-250 ವಿಮಾನಕ್ಕೂ ನಿನ್ನ ಹೆಸರನ್ನೇ ಇಟ್ಟರು. ಒಳಗೆ ಕೂತವರ ಕಷ್ಟ ವಿಮಾನಕ್ಕೆಲ್ಲಿ ಗೊತ್ತಾಗುತ್ತದೆ?

ಹಾಗಂತ ನಿಮ್ಮವರು ಮೊದಲಿನಿಂದ ಹೀಗೇ ಇರಲಿಲ್ಲ. 2016ರಲ್ಲಿ 169 ದೇಶದವರಿಗೆ ವೀಸಾ ಬೇಡ, ಸುಮ್ಮನೆ ಬನ್ನಿ ಎಂದರು; ಅದರಲ್ಲಿ ನಾವೂ ಇದ್ದೆವು. ಕೊರೊನಾ ಬಂದು ಆ ಪುಕ್ಕಟೆ ಮಾಯವಾಯಿತು. ನಮ್ಮ ಪ್ರಧಾನಿ 2018ರಲ್ಲಿ ಜಕಾರ್ತಾಕ್ಕೆ ಬಂದು, ನಿಮ್ಮವರಿಗೆ 30 ದಿನದ ವೀಸಾ ಉಚಿತ ಎಂದು ಸಾರಿ ಹೋದರು. ನಾವು ಮುಯ್ಯಿ ಹಾಕಿದ್ದನ್ನು ಬೀಗರು ಮರೆತರೋ ಹೇಗೆ?

ಇಷ್ಟು ಬರೆದು ಮೀಸೆ ತಿರುವುತ್ತಿದ್ದೆ. ಹಿಂದಿನಿಂದ ಇಣುಕಿ ಓದುತ್ತಿದ್ದ ಮಗಳು, "ಅಪ್ಪಾ, ಘಟೋತ್ಕಚ ನಮ್ಮ ಕೋಟೆ ನೋಡೋಕೆ ಬಂದ್ರೆ ಟಿಕೆಟ್ ಎಷ್ಟು?" ಎಂದಳು.

ಮಕ್ಕಳನ್ನು ಓದಿಸಬಾರದು ಅನ್ನುವುದು ಇದಕ್ಕೇ. ಕೋಟೆಯ ಬಾಗಿಲಲ್ಲಿ ಪುರಾತತ್ತ್ವ ಇಲಾಖೆಯ ಬೋರ್ಡಿದೆ: ನಮಗೆ 25 ರೂಪಾಯಿ, ವಿದೇಶಿಯರಿಗೆ 300. ಸಾರ್ಕ್, ಬಿಮ್‌ಸ್ಟೆಕ್ ದೇಶದವರಾದರೆ ನಮ್ಮದೇ ದರ. ಇಂಡೋನೇಷ್ಯಾ ಎರಡರಲ್ಲೂ ಇಲ್ಲ. ಅಂದರೆ ನೀನು ನಿನ್ನ ತಾಯಿಯ ತವರಿನ ಹೊಸಿಲು ದಾಟಲು ನನಗಿಂತ 12 ಪಟ್ಟು ಕೊಡಬೇಕು. ಮಾವನ ಹಲ್ಲು ತೋರಿಸಿದರೂ ಬಿಡುವುದಿಲ್ಲ. ಹಲ್ಲು ಇರುವುದು ಒಳಗೆ, ಟಿಕೆಟ್ ಕೊಡುವುದು ಹೊರಗೆ.

ಆದ್ದರಿಂದ ಮೇಲೆ ಬೀಗರು, ಮುಯ್ಯಿ ಎಂದೆಲ್ಲ ಬರೆದದ್ದನ್ನು ನೋಡಿಯೂ ನೋಡದಂತೆ ಇದ್ದುಬಿಡು. ನೀನು ಬಂದರೆ 300 ನಾನೇ ಕೊಡುತ್ತೇನೆ. ನನ್ನದೂ ಒಂದು ಕೋರಿಕೆಯಿದೆ: ನಿನ್ನೆದುರಿಗೆ ರಥದಲ್ಲಿ ನಿಂತಿರುವವನು ದಾನಶೂರ. ಅಂಥವನನ್ನು ಹೊರಗೆ ಬಿಸಿಲಲ್ಲಿ ಜಗಳಕ್ಕೆ ನಿಲ್ಲಿಸಿಕೊಂಡಿದ್ದೀಯ. ವಾರದಲ್ಲಿ ಒಂದು ದಿನವಾದರೂ ಅವನನ್ನು ಒಳಗಿನ ಕೌಂಟರಿಗೆ ಬಿಟ್ಟುಕೊಡು. ಯಾವ ದಿನವೆಂದು ಮೊದಲೇ ತಿಳಿಸಿದರೆ ಆ ದಿನದ್ದೇ ವಿಮಾನ ಹಿಡಿಯುತ್ತೇವೆ.

ಇತಿ,
ನಿನ್ನ ಮಾವ
(25 ರೂಪಾಯಿ ದರದವನು)