ಕಂಡವರ ಮಕ್ಕಳ ಮೇಲೆ ತಾಲೀಮು

ಮದುವೆಯಾಗಿ ಮೂರನೇ ಯುಗಾದಿ ದಾಟಿದ, ಇಬ್ಬರಿಗೂ ಸಂಬಳ ಬರುವ, ಮಗು ಈಗಲೇ ಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸದ ದಂಪತಿಗಳಿಗಾಗಿ ಈ ಕೈಪಿಡಿ. ಭಾನುವಾರ ಬಂತೆಂದರೆ ಅತ್ತೆ ಫೋನ್ ಮಾಡಿ, "ಏನಮ್ಮಾ, ಏನಾದ್ರೂ ವಿಶೇಷಾನಾ?" ಎಂದು ಕೇಳುವ ಹಂತ ತಲುಪಿದ್ದರೆ ನೀವು ಅರ್ಹರು. ಮುಂದೆ ಓದಿ.

ಹೆರುವ ಮೊದಲು ನಿಮಗೆ ಮಗು ಸಾಕಲು ಬರುತ್ತದೆಯೇ ಎಂದು ಪರೀಕ್ಷೆ ಮಾಡಿಕೊಳ್ಳಬೇಕು. ಆ ಪರೀಕ್ಷೆಯನ್ನು ದಯವಿಟ್ಟು ಅಕ್ಕನ ಮಕ್ಕಳ ಮೇಲೆ ಮಾಡಬೇಡಿ. ದಾವಣಗೆರೆಯ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು ನೋಡಿ: ರಾತ್ರಿ ಎರಡು ಗಂಟೆಗೆ ಮಗು ವಾಂತಿ ಮಾಡುತ್ತದೆ, ಹೊಲಸಾದ ಹಾಸಿಗೆ ಬಟ್ಟೆಯನ್ನು ಅಕ್ಕ ನಿಮ್ಮ ಕೈಗೇ ಕೊಡುತ್ತಾಳೆ, ಬೆಳಿಗ್ಗೆ ಕಾಫಿ ಹೊತ್ತಿಗೆ "ಅಷ್ಟಕ್ಕೇ ಸುಸ್ತಾದ್ಯಾ?" ಎಂದು ಎಲ್ಲರೆದುರು ನಗುತ್ತಾಳೆ. ಆ ಮಕ್ಕಳಿಗೆ ನೀವು ಎಂಥವರು ಎಂದು ಚೆನ್ನಾಗಿ ಗೊತ್ತು. ಚಾಕಲೇಟ್ ಮುಗಿದ ಮೇಲೆ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಹೆಚ್ಚುಕಮ್ಮಿಯಾದರೆ ಕೇಳುವವರಿದ್ದಾರೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ವಿದ್ಯೆ ನಮ್ಮವರಿಗೆ ಹಿಂದಿನಿಂದಲೂ ಗೊತ್ತು. ಬಾವಿ ಪರದೇಶದಲ್ಲಿದ್ದರೆ ಒಳ್ಳೆಯದು ಎಂಬುದಷ್ಟೇ ನಮ್ಮ ಕಾಲದ ಸುಧಾರಣೆ.

ದೇಶ ಆರಿಸುವಾಗ ಮಕ್ಕಳ ಕಷ್ಟ ನೋಡಬೇಡಿ, ವಿಮಾನ ನಿಲ್ದಾಣ ನೋಡಿ. ನೇಪಾಳ ಸುಲಭ. ನಮಗೆ ವೀಸಾ ಬೇಡ, ವೋಟರ್ ಐಡಿ ಸಾಕು. ಅಲ್ಲಿ ಅನಾಥರನ್ನು ಹುಡುಕಿಕೊಂಡು ನೀವು ಬೆಟ್ಟ ಹತ್ತಬೇಕಾಗಿಲ್ಲ. ಹುಮ್ಲಾದಂಥ ದೂರದ ಜಿಲ್ಲೆಗಳಿಂದ ದಲ್ಲಾಳಿಗಳು ಮೊದಲೇ ಇಳಿಸಿ ತಂದಿರುತ್ತಾರೆ. 1996ರಿಂದ 2006ರವರೆಗಿನ ಅಂತರ್ಯುದ್ಧದ ಕಾಲದಲ್ಲಿ, ಕಾಠ್ಮಂಡುವಿನಲ್ಲಿ ಓದಿಸುತ್ತೇವೆ ಎಂದು ನಂಬಿಸಿ, ಹೆತ್ತವರಿಂದಲೇ ದುಡ್ಡು ತೆಗೆದುಕೊಂಡು ಮಕ್ಕಳನ್ನು ಕರೆತಂದ ಪದ್ಧತಿ ಅದು. ಕಾಗದದ ಮೇಲೆ ಅಪ್ಪ-ಅಮ್ಮನನ್ನು ಸಾಯಿಸಿದರೆ ಮಗು ಅನಾಥ. ಮಕ್ಕಳನ್ನು ಇಟ್ಟಿರುವ ಮನೆಗಳಲ್ಲಿ ಹೆಚ್ಚಿನವು ಕಾಠ್ಮಂಡು, ಲಲಿತ್‌ಪುರ, ಭಕ್ತಪುರ, ಕಾಸ್ಕಿ, ಚಿತ್ವನ್ ಜಿಲ್ಲೆಗಳಲ್ಲೇ ಇವೆ, ಅಂದರೆ ಪ್ರವಾಸಿಗಳು ಸುತ್ತುವ ಕಡೆಯಲ್ಲೇ. ಬಡತನ ಒಂದು ದಿಕ್ಕಿಗೆ, ಅನಾಥರು ಇನ್ನೊಂದು ದಿಕ್ಕಿಗೆ. ವ್ಯವಸ್ಥೆಯನ್ನು ಮೆಚ್ಚಿಕೊಳ್ಳಿ, ಕಾರಣ ಕೇಳಬೇಡಿ.

ಆದರೂ ನನ್ನ ಶಿಫಾರಸು ಕಾಂಬೋಡಿಯಾದ ಸಿಯೆಮ್ ರೀಪ್. ಬೆಳಿಗ್ಗೆ ಅಂಗ್ಕೋರ್ ವಾಟ್, ಮಧ್ಯಾಹ್ನ ಮಕ್ಕಳು, ಸಂಜೆ ಪಬ್ ಸ್ಟ್ರೀಟ್. ಅಂಗ್ಕೋರ್‌ಗೆ ಒಂದು ದಿನದ ಟಿಕೆಟ್ 37 ಡಾಲರ್. ಎರಡನೇ ಸೂರ್ಯವರ್ಮ 12ನೇ ಶತಮಾನದಲ್ಲಿ ವಿಷ್ಣುವಿಗಾಗಿ ಕಟ್ಟಿಸಿದ್ದು ಎಂದು ಅತ್ತೆಗೆ ಮೊದಲೇ ಹೇಳಿಡಿ. ಸಂತಾನಕ್ಕೆ ಹರಕೆ ಹೊತ್ತು ಹೊರಟಿದ್ದಾರೆ ಎಂದು ಅವರು ತಾವಾಗಿಯೇ ಅಂದುಕೊಳ್ಳುತ್ತಾರೆ, ತಿದ್ದಲು ಹೋಗಬೇಡಿ. ವೀಸಾ ಪ್ರವಾಸಿ ವೀಸಾವೇ ಇರಲಿ. ವಲಸೆ ಅಧಿಕಾರಿ ಕೇಳಿದರೆ ದೇವಸ್ಥಾನ ನೋಡಲು ಬಂದವರು, ವಾಪಸ್ ಬಂದ ಮೇಲೆ ಆಫೀಸಿನಲ್ಲಿ ಕೇಳಿದರೆ ಸೇವೆಗೆ ಹೋಗಿದ್ದವರು.

ಅಲ್ಲಿ ಮಕ್ಕಳ ಕೊರತೆ ಬೀಳುವುದಿಲ್ಲ. 2005ರಲ್ಲಿ ಕಾಂಬೋಡಿಯಾದಲ್ಲಿ 154 ಇದ್ದ ಅನಾಥಾಲಯಗಳು 2010ಕ್ಕೆ 269 ಆದವು. ಅಲ್ಲಿ ನರಮೇಧ ನಡೆಸಿದ ಪೋಲ್ ಪಾಟನ ಆಳ್ವಿಕೆ ಮುಗಿದದ್ದು 1979ರಲ್ಲಿ, ಆಗ ತಬ್ಬಲಿಯಾದವರಿಗೆ ಅಷ್ಟು ಹೊತ್ತಿಗೆ ಮೀಸೆ ನರೆಯಲು ಶುರುವಾಗಿರಬೇಕು, ಹಾಗಾದರೆ ಹೊಸ ಅನಾಥರು ಎಲ್ಲಿಂದ ಬಂದರು ಎಂದು ತಲೆ ಕೆಡಿಸಿಕೊಳ್ಳಬೇಡಿ. ಏರಿದ್ದು ನಿಮ್ಮಂಥವರ ಸಂಖ್ಯೆ. ಅನಾಥಾಲಯಗಳಲ್ಲಿದ್ದ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ ಎಂದು 2011ರಲ್ಲಿ ಯುನಿಸೆಫ್ ನೆರವಿನ ಅಧ್ಯಯನವೊಂದು ಹೇಳಿತು. ಆದ್ದರಿಂದ ಮುಖ್ಯ ಸೂಚನೆ: ಯಾವ ಮಗುವನ್ನೂ "ನಿಮ್ಮಮ್ಮ ಎಲ್ಲಿ?" ಎಂದು ಕೇಳಬೇಡಿ. ಮಕ್ಕಳಿಗೆ ಸುಳ್ಳು ಬೇಗ ಬರುವುದಿಲ್ಲ. ಹದಿನೈದು ಕಿಲೋಮೀಟರ್ ಆಚೆ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದಾಳೆ ಎಂದುಬಿಟ್ಟರೆ ನಿಮ್ಮ ರಜೆ ಹಾಳು.

ಇನ್ನೊಂದು ಎಚ್ಚರಿಕೆ. ನೀವು ಕಟ್ಟುವ ಶುಲ್ಕ, ಎರಡು ವಿಮಾನ ಟಿಕೆಟ್, ಹೋಟೆಲ್ ಬಾಡಿಗೆ ಎಲ್ಲ ಕೂಡಿಸಿ, ಆ ದುಡ್ಡು ಆ ತಾಯಿಯ ಕೈ ಸೇರುವಂತೆ ಮಾಡಬಲ್ಲ ಯಾರಿಗಾದರೂ ಕೊಟ್ಟುಬಿಡೋಣವೇ ಎಂಬ ಯೋಚನೆ ಒಂದು ದುರ್ಬಲ ಗಳಿಗೆಯಲ್ಲಿ ಬರಬಹುದು. ತಡೆದುಕೊಳ್ಳಿ. ಹಾಗೆ ಮಾಡಿದರೆ ಮಗು ಮನೆಯಲ್ಲೇ ಉಳಿದು, ಊರಿನ ಶಾಲೆಗೇ ಹೋಗಿ, ನಿಮ್ಮ ಮುಖವನ್ನೇ ನೋಡದೆ ದೊಡ್ಡದಾಗುವ ಅಪಾಯವಿದೆ.

ಸಂಸ್ಥೆ ಆರಿಸುವುದು ಹೇಗೆ? ಪೊಲೀಸ್ ಪರಿಶೀಲನೆಯ ಪತ್ರ ತನ್ನಿ, ಕನಿಷ್ಠ ಆರು ತಿಂಗಳು ಇರಿ, ಖ್ಮೇರ್ ಭಾಷೆ ಕಲಿಯಿರಿ ಎನ್ನುವವರ ತಂಟೆಗೆ ಹೋಗಬೇಡಿ. ನೀವು ಬರುವುದೇ ಬೇಡ, ನಮ್ಮ ಸಿಬ್ಬಂದಿಗೆ ತರಬೇತಿ ಕೊಡಿಸಲು ನೆರವಾಗಿ ಎನ್ನುವವರು ಇನ್ನೂ ಅಪಾಯಕಾರಿ. ಕಾರ್ಡ್ ಉಜ್ಜಿದ ಕೂಡಲೇ "ನಾಳೆಯೇ ಬನ್ನಿ" ಎನ್ನುವವರೇ ಸರಿ. 'ಮಕ್ಕಳು ಪ್ರವಾಸಿ ತಾಣಗಳಲ್ಲ' ಎಂಬ ಪ್ರಚಾರ ಕಾಂಬೋಡಿಯಾದಲ್ಲಿ 2011ರಿಂದಲೇ ನಡೆದಿದೆ. ಅನಾಥಾಲಯಗಳ ಸ್ವಯಂಸೇವೆಯಿಂದ ಮಕ್ಕಳಿಗಾಗುವ ಹಾನಿಯನ್ನು ತಡೆಯಿರಿ ಎಂದು 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೂ ದೇಶಗಳಿಗೆ ಹೇಳಿತು. ಇದರಿಂದ ನೀವು ಎದೆಗುಂದಬೇಕಿಲ್ಲ. ಪೋಸ್ಟರ್ ಕಂಡರೆ ಅದರ ಮುಂದೆಯೂ ಒಂದು ಸೆಲ್ಫಿ ತೆಗೆದುಕೊಳ್ಳಿ, ಅರಿವಿರುವವರು ಎನಿಸುತ್ತೀರಿ.

ಎರಡು ವಾರ ಸಾಕು. ಮೊದಲ ವಾರ ಮಗು ನಿಮಗೆ ಹೊಂದಿಕೊಳ್ಳುತ್ತದೆ, ಎರಡನೇ ವಾರ ಹಚ್ಚಿಕೊಳ್ಳುತ್ತದೆ, ಮೂರನೇ ವಾರ ಹಟ ಶುರುಮಾಡುತ್ತದೆ. ಹಟ ಶುರುವಾಗುವ ಮುನ್ನ ನಿಮ್ಮ ವಿಮಾನ ಹೊರಡಬೇಕು.

ಗೇಟು ದಾಟಿದ ಕ್ಷಣದಲ್ಲೇ ಮೂರು ವರ್ಷದ ಹುಡುಗಿಯೊಬ್ಬಳು ಓಡಿ ಬಂದು ನಿಮ್ಮ ಮೊಣಕಾಲು ಅಪ್ಪಿಕೊಳ್ಳುತ್ತಾಳೆ. ಹೆಸರು ಕೇಳುವುದಿಲ್ಲ, ಮುಖ ನೋಡುವುದಿಲ್ಲ, ಎರಡೂ ಕೈ ಮೇಲೆತ್ತಿ ನಿಲ್ಲುತ್ತಾಳೆ. ಎತ್ತಿಕೊಳ್ಳಿ. ಗಂಡನ ಕಡೆ ತಿರುಗಿ, "ನೋಡ್ದ್ಯಾ, ನನ್ನ ಹತ್ರ ಹೆಂಗೆ ಬಂದ್ಲು?" ಎನ್ನಿ. ನಿಮ್ಮೊಳಗಿನ ತಾಯ್ತನ ಆ ಕೂಸಿಗೆ ಗೊತ್ತಾಗಿಹೋಯಿತು ಎಂದು ನಂಬಿ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧಕರು ಬೇರೆಯೇ ಹೇಳುತ್ತಾರೆ. ನೆಚ್ಚಿಕೊಳ್ಳಲು ತನ್ನದೆನ್ನುವ ಒಬ್ಬರೂ ಇಲ್ಲದೆ ಬೆಳೆದ ಮಗು ಹೀಗೆ ಕಂಡ ಕಂಡವರ ತೋಳಿಗೆ ಹೋಗುತ್ತದಂತೆ. ಮನೆಯಲ್ಲಿ ಬೆಳೆದ ಮಗುವಾದರೆ ಹೊಸಬರನ್ನು ಕಂಡಾಗ ಅಮ್ಮನ ಸೆರಗಿನ ಹಿಂದೆ ಸೇರಿಕೊಳ್ಳುತ್ತದಂತೆ. ಅಕ್ಕನ ಮಗ ನಿಮ್ಮನ್ನು ಕಂಡು ಕಿಟಾರನೆ ಕಿರುಚಿಕೊಂಡಿದ್ದನ್ನು ಈಗ ನೆನಪಿಸಿಕೊಳ್ಳಬೇಡಿ.

ಪಾಠ ಹೇಳಿಕೊಡಿ. ಬಿ.ಎಡ್. ಬೇಕಿಲ್ಲ, ನಿಮ್ಮ ಊರಿನ ಶಾಲೆಯಲ್ಲಿ ನಿಮ್ಮನ್ನು ತರಗತಿಗೆ ಬಿಡುವುದಿಲ್ಲವಲ್ಲ, ಅದೇ ಇಲ್ಲಿನ ಅನುಕೂಲ. ತಲೆ, ಭುಜ, ಮಂಡಿ ಮುಟ್ಟಿಕೊಂಡು ಹಾಡುವ ಆ ಇಂಗ್ಲಿಷ್ ಹಾಡು ಕಲಿಸಿ. ನೀವು ಮಂಡಿಗೆ ಬರುವಷ್ಟರಲ್ಲಿ ಮಕ್ಕಳು ಕಾಲ್ಬೆರಳು ಮುಟ್ಟಿ ಎದ್ದು ನಿಂತಿರುತ್ತಾರೆ. ಕಳೆದ ತಿಂಗಳು ಬಂದವರೂ ಅದನ್ನೇ ಕಲಿಸಿದ್ದರು, ಅದರ ಹಿಂದಿನ ತಿಂಗಳಿನವರೂ ಅದನ್ನೇ. ಹಿಂದಿನ ಸಾಲಿನ ಹುಡುಗನೊಬ್ಬ ನಿಮ್ಮ ಉಚ್ಚಾರ ತಿದ್ದಬಹುದು. "ಎಷ್ಟು ಚುರುಕು!" ಎಂದು ಆಶ್ಚರ್ಯಪಡಿ, ಮರುದಿನ ಬಣ್ಣಗಳ ಹೆಸರಿಗೆ ಹೋಗಿ. ಅವೂ ಬರುತ್ತವೆ.

ಫೋಟೋ ತೆಗೆಯುವಾಗ ಮಗುವಿನ ಕಣ್ಣಿನ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂರಿ. ಹಿಂದಿನ ಗೋಡೆಯ ಗಾರೆ ಕಿತ್ತಿರಲಿ. ಮೂಗು ಒರೆಸಬೇಡಿ. ಮುಖ, ಹೆಸರು, ಊರು ಮೂರೂ ಕಾಣುವಂತೆ ಹಾಕಿ. ಅನುಮತಿಯ ವಿಷಯವನ್ನು ಯೋಚಿಸಬೇಡಿ. ಕೊಡಬೇಕಾದವರನ್ನು ಕಾಗದದಲ್ಲಿ ಆಗಲೇ ಸಾಯಿಸಲಾಗಿದೆ.

ಖಾಲಿ ಕೈಯಲ್ಲಿ ಹೋಗಬೇಡಿ. ಟೋನ್ಲೆ ಸಾಪ್ ಸರೋವರದ ತೇಲುವ ಊರುಗಳಿಗೆ ದೋಣಿಯಲ್ಲಿ ಹೋದರೆ ನಡುವೆ ಅಂಗಡಿಯೊಂದರ ಬಳಿ ದೋಣಿ ನಿಲ್ಲಿಸುತ್ತಾರೆ: ಇಲ್ಲಿನ ಮಕ್ಕಳ ಶಾಲೆಗೆ ಒಂದು ಮೂಟೆ ಅಕ್ಕಿ ಕೊಡಿಸಿ ಎನ್ನುತ್ತಾರೆ. ಪೇಟೆ ಬೆಲೆಗಿಂತ ಎಷ್ಟೋ ಹೆಚ್ಚು ಕೊಟ್ಟು ಕೊಡಿಸಿ. ಮೂಟೆ ನಿಮ್ಮ ಬೆನ್ನ ಹಿಂದೆಯೇ ಅಂಗಡಿಗೆ ವಾಪಸಾಗುವ ಕತೆಗಳು ಹೇರಳವಾಗಿವೆ; ಆದ್ದರಿಂದ ಹಿಂತಿರುಗಿ ನೋಡಬೇಡಿ. ಸಂಜೆ ಪಬ್ ಸ್ಟ್ರೀಟಿನಲ್ಲಿ ಕೂಸನ್ನು ಕಂಕುಳಲ್ಲಿಟ್ಟುಕೊಂಡ ಹೆಂಗಸು ಬರುತ್ತಾಳೆ. ದುಡ್ಡು ಬೇಡ, ಹಾಲಿನ ಪುಡಿ ಕೊಡಿಸಿ ಎನ್ನುತ್ತಾಳೆ, ಅಂಗಡಿಯನ್ನೂ ಅವಳೇ ತೋರಿಸುತ್ತಾಳೆ. ದುಬಾರಿ ಡಬ್ಬಿಯನ್ನೇ ಕೊಡಿಸಿ. ನೀವು ಬೀದಿ ತಿರುಗುವ ಹೊತ್ತಿಗೆ ಡಬ್ಬಿ ಮತ್ತೆ ಅದೇ ಅಂಗಡಿಯ ಕಪಾಟಿನಲ್ಲಿರುತ್ತದೆ, ದುಡ್ಡು ಅಂಗಡಿಯವನಿಗೂ ಅವಳಿಗೂ ಹಂಚಿಕೆಯಾಗಿರುತ್ತದೆ. ಕೂಸು ಮಾತ್ರ ಕಂಕುಳಲ್ಲೇ ಇರುತ್ತದೆ. ಅದು ರಾತ್ರಿ ಹನ್ನೊಂದರ ತನಕ ನಿದ್ದೆಗೆಟ್ಟು ಬೀದಿ ಸುತ್ತುವುದಕ್ಕೆ ಅಂದಿನ ಕೂಲಿಯನ್ನು ನೀವು ಕೊಟ್ಟಿದ್ದೀರಿ. ಹಾಲಿನ ಪುಡಿ ಡಬ್ಬಿಗೆ ಎಷ್ಟು ಬೀಳುತ್ತದೆ ಎಂಬುದೂ ಇದರಿಂದ ತಿಳಿಯುವುದರಿಂದ ಮುಂದಿನ ಸಂಸಾರಕ್ಕೆ ಒಳ್ಳೆಯ ಲೆಕ್ಕಾಭ್ಯಾಸ.

ಸೊಳ್ಳೆಗಳ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಡೆಂಗಿ ಇದೆ, ಜೀಕಾ ಕಂಡುಬಂದ ದಾಖಲೆಯೂ ಇದೆ. ಬಸುರಿಗೆ ಜೀಕಾ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಪೆಟ್ಟಾಗಬಹುದು. ಜೀಕಾ ಇರುವ ಕಡೆ ಹೋಗಿ ಬಂದರೆ ಹೆಂಗಸು 2 ತಿಂಗಳು, ಗಂಡಸು 3 ತಿಂಗಳು ಕಾದು ಮಗುವಿನ ಪ್ರಯತ್ನ ಮಾಡಿ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ. ಅಂದರೆ ಮಗುವಿಗೆ ತಯಾರಾಗಲು ಹೋಗಿ ಬಂದ ಕಾರಣಕ್ಕೇ ಮಗು ಮೂರು ತಿಂಗಳು ಮುಂದಕ್ಕೆ ಹೋಯಿತು. ಇದನ್ನು ಅತ್ತೆಗೆ ವಿವರಿಸುವ ವಿಧಾನ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ಒಂದು ಮಾತುಕತೆ ನಡೆಯಲೇಬೇಕು. ಫ್ಯಾನು ತಿರುಗುತ್ತಿರಲಿ.

"ಇವಳನ್ನೇ ಕರ್ಕೊಂಡು ಹೋಗ್ಬಿಡೋಣ."

"ನಾನೂ ಅದನ್ನೇ ಅಂದ್ಕೊಳ್ತಿದ್ದೆ ಕಣೆ."

ಇಬ್ಬರೂ ಸ್ವಲ್ಪ ಅಳಿ. ಮಗುವಿಗೆ ಅಮ್ಮ ಇದ್ದಾಳೋ ಇಲ್ಲವೋ ಎಂಬುದು ಅಡ್ಡ ಬರಬಾರದು. ಕಾಂಬೋಡಿಯಾದಿಂದ ದತ್ತು ಪಡೆಯುವುದನ್ನು ಅಮೆರಿಕ 2001ರಲ್ಲೇ ನಿಲ್ಲಿಸಿದ್ದು ಇಂಥ ಮಕ್ಕಳ ಕಾಗದಪತ್ರ ನಂಬುವಂತಿರಲಿಲ್ಲ ಎಂಬ ಕಾರಣಕ್ಕೆ, ಅದೂ ಅಡ್ಡ ಬರಬಾರದು. ಭಾರತದಲ್ಲೇ ಕೇಂದ್ರ ದತ್ತು ಪ್ರಾಧಿಕಾರವಾದ ಕಾರಾ ಮೂಲಕ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಸರದಿಯಲ್ಲಿ ಕಾಯುವ ದಾರಿ ಇದೆ. ಮನೆಗೆ ಸಮಾಜ ಕಾರ್ಯಕರ್ತರು ಬಂದು ನಿಮ್ಮ ಆದಾಯ, ಆರೋಗ್ಯ, ಅಡುಗೆಮನೆ ಎಲ್ಲ ನೋಡುತ್ತಾರೆ. ಎರಡು ವಾರ ಮಕ್ಕಳ ನಡುವೆ ಇದ್ದು ಬಂದವರನ್ನೂ ಹೀಗೆ ಅನುಮಾನದಿಂದ ನೋಡುವುದು ಅವಮಾನವಲ್ಲವೇ? ವಿಮಾನ ನಿಲ್ದಾಣದಲ್ಲಿ ಬ್ಯಾಗಿನ ತೂಕ ಮಾಡುವ ಹೊತ್ತಿಗೆ ವಿಷಯ ಬಿಟ್ಟುಬಿಡಿ.

ಹುಡುಗಿಗೆ ಮಾತ್ರ "ಮುಂದಿನ ವರ್ಷ ಬರ್ತೀವಿ" ಎಂದು ಹೇಳಿ ಬನ್ನಿ. ಹೇಳದೆ ಹೊರಟರೆ ಅಳುವುದಿಲ್ಲ. ಅಳದಿದ್ದರೆ ನಿಮಗೆ ಬೇಜಾರು.

ಮರಳಿದ ಮೇಲೆ ಯಥಾಕಾಲಕ್ಕೆ ನಿಮ್ಮದೇ ಮಗು ಹುಟ್ಟುತ್ತದೆ. ಆಗ ನಿಯಮಗಳು ಬದಲಾಗುತ್ತವೆ, ಕಲಸುಮೇಲೋಗರ ಮಾಡಿಕೊಳ್ಳಬೇಡಿ. ತುಮಕೂರಿನಿಂದ ಬಂದ ಚಿಕ್ಕಮ್ಮ ಬಸ್ಸಿನ ಧೂಳಿನ ಸೀರೆಯಲ್ಲೇ ಮಗು ಎತ್ತಿಕೊಳ್ಳಲು ಬಂದರೆ, "ಕೈ ತೊಳ್ಕೊಂಡ್ ಬನ್ನಿ ಚಿಕ್ಕಮ್ಮ, ಬೇಜಾರು ಮಾಡ್ಕೋಬೇಡಿ" ಎನ್ನಿ. ದೃಷ್ಟಿ ತಾಗೀತೆಂದು ವರ್ಷವಾಗುವ ತನಕ ವಾಟ್ಸಾಪಿನಲ್ಲಿ ಮಗುವಿನ ಮುಖದ ಮೇಲೆ ಕೆಂಪು ಹೃದಯ ಅಂಟಿಸಿ. ನೋಡಿಕೊಳ್ಳುವ ಹೆಂಗಸಿನ ಆಧಾರ್ ಪ್ರತಿ ತೆಗೆದಿಟ್ಟುಕೊಳ್ಳಿ, ಪೊಲೀಸ್ ಪರಿಶೀಲನೆ ಮಾಡಿಸಿ, ತೊಟ್ಟಿಲ ಮೇಲೆ ಕ್ಯಾಮೆರಾ ಹಾಕಿಸಿ. ಹದಿನೈದು ದಿನಕ್ಕೇ ಅವಳು ಕೆಲಸ ಬಿಟ್ಟರೆ, ಮಗು ಹಚ್ಚಿಕೊಂಡಿತ್ತು, ಹೀಗೆ ನಡುನೀರಿನಲ್ಲಿ ಕೈಬಿಡುವವರಿಗೆ ಹೃದಯವೇ ಇಲ್ಲವೇ ಎಂದು ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಬರೆಯಿರಿ. ಪ್ಲೇ ಹೋಮಿನ ಟೀಚರಿಗೆ ತರಬೇತಿ ಆಗಿದೆಯೇ ಎಂದು ಪ್ರಮಾಣಪತ್ರ ಕೇಳಿ ನೋಡಿ.

ಮೊದಲ ಹುಟ್ಟುಹಬ್ಬಕ್ಕೆ ಬೆಂಗಳೂರಿನಲ್ಲೇ ಯಾವುದಾದರೂ ಅನಾಥಾಶ್ರಮದಲ್ಲಿ ಊಟ ಹಾಕಿಸಿ. ಭಾನುವಾರಗಳು ಮೊದಲೇ ಭರ್ತಿಯಾಗಿರುತ್ತವೆ, ಒಂದು ತಿಂಗಳು ಮುಂಚೆ ದಿನ ಗೊತ್ತು ಮಾಡಿಕೊಳ್ಳಿ. ಪಾಯಸ ಇರಲಿ. ಫೋಟೋಗ್ರಾಫರ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾಗಬಹುದು. ಅವನು ಬಂದು ನೀವು ಕೇಕ್ ಕತ್ತರಿಸುವವರೆಗೆ ಮಕ್ಕಳನ್ನು ಎಲೆ ಮುಂದೆ ಕೂರಿಸಬೇಡಿ ಎಂದು ವಾರ್ಡನ್‌ಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಡಿ.